ರಿಗೋಗೆ ಇಪ್ಪತ್ತೈದು ನಿಮಿಷ

ಗುಬ್ಬಿ
19 ಆಗಸ್ಟ್ 2024

ಚಿರಂಜೀವಿ ದಯಾನಂದನಿಗೆ ನಿನ್ನ ಮಾವ ಕೆಂಪಯ್ಯನ ಆಶೀರ್ವಾದಗಳು.

ಸಿಲುಂಗ್‌ನಿಂದ ಈಶಾನ್ಯದ ನಿನ್ನ ಗುಡ್ಡದೂರು ರಿಗೋಗೆ ವಿಮಾನದ ಪ್ರಯಾಣ ಇನ್ನು ಮುಂದೆ ಇಪ್ಪತ್ತೈದು ನಿಮಿಷ. ಇದನ್ನು ನನಗೆ ತಿಳಿಸಿದವಳು ಮಗಳು ಶಾಂತಲಾ. ಅವಳಿಗೆ ತಿಳಿಸಿದವನು ನೀನು, ಭಾನುವಾರ ಫೋನಿನಲ್ಲಿ. ಮುಕ್ಕಾಲು ಗಂಟೆ ಆಗುತ್ತದೆ ಎಂದು ಯುಗಾದಿಯ ಹೊತ್ತಿಗೆ ನೀನೇ ಬರೆದಿದ್ದೆ. ಆ ಪತ್ರ ನನ್ನ ಹತ್ತಿರ ಇದೆ.

ಹೊಸ ವಿಮಾನ ಬಂದಿದೆಯೇ ಎಂದು ಶಾಂತಲಾಳನ್ನು ಕೇಳಿದೆ. ಗೊತ್ತಿಲ್ಲ ಎಂದಳು. ತನುಶ್ರೀ ಮಾತ್ರ ಕುಣಿದಾಡುತ್ತಿದ್ದಾಳೆ. "ತುಮಕೂರಿಂದ ಗುಬ್ಬಿಗೆ ಬರೋಷ್ಟೇ ಹೊತ್ತು ಕಣ್ತಾತ, ಕೂತ್ಕೊಳ್ಳೋದು, ಇಳಿಯೋದು, ಅಷ್ಟೆ" ಎಂದು ಮೂರನೇ ಕ್ಲಾಸಿನವಳು ನನಗೆ ಪಾಠ ಹೇಳಿದಳು.

ನನ್ನ ಬಲಗಿವಿ ಹೋಗಿ ಎರಡು ವರ್ಷವಾಯಿತು, ಎಡಗಿವಿ ಅದರ ಹಿಂದೆಯೇ ಹೊರಟಿದೆ. ನಿಮ್ಮ ರಿಗೋದ ಟವರ್ ಮೋಡ ಬಂದರೆ ಮಲಗುತ್ತದೆ. ಆದ್ದರಿಂದ ಪತ್ರವೇ ಮೇಲು. ಇಪ್ಪತ್ತು ನಿಮಿಷ ಎಲ್ಲಿ ಉಳಿಯಿತು ಎಂಬುದನ್ನು ಬರೆ. ನಲವತ್ತು ವರ್ಷ ಪತ್ರಿಕೆಗೆ ಸುದ್ದಿ ಕಳಿಸಿದವನ ಚಾಳಿ ಎಂದುಕೋ.

ನಿನ್ನ ಅಮ್ಮ ಕುಣಿಗಲ್‌ನಲ್ಲಿ ಆರೋಗ್ಯವಾಗಿದ್ದಾಳೆ. ಅಕ್ಕನ ಮನೆಗೆ ಹೋದ ವಾರ ಹೋಗಿದ್ದೆ. ಮಗನಿಗೆ ಅಲ್ಲಿ ರಾಗಿಮುದ್ದೆ ಯಾರು ಮಾಡಿಕೊಡ್ತಾರೆ ಎಂದು ಈಗಲೂ ಕೇಳುತ್ತಾಳೆ.

ಇಂತಿ,
ಕೆಂಪಯ್ಯ


ರಿಗೋ
30 ಆಗಸ್ಟ್ 2024

ಪೂಜ್ಯ ಮಾವನವರಿಗೆ ದಯಾನಂದ ಮಾಡುವ ನಮಸ್ಕಾರಗಳು.

ಹೊಸ ವಿಮಾನವೇನೂ ಬಂದಿಲ್ಲ. ಅದೇ ಹದಿನೇಳು ಸೀಟಿನದು. ಸೋಮವಾರ, ಬುಧವಾರ, ಶನಿವಾರ ಕೆಳಗಿನ ಸಿಲುಂಗ್‌ನಿಂದ ಬಂದು ಹೋಗುತ್ತದೆ. ಬದಲಾದದ್ದು ಟೈಮು ಮಾತ್ರ. ಬದಲಾಯಿಸಿದವನು ನಾನು.

ಇಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ. ಅಷ್ಟರೊಳಗೆ ದಿನಕ್ಕೆ ಎರಡು ಟ್ರಿಪ್ ಆಗಬೇಕು ಎಂದು ಕಂಪನಿಯ ಮುಖ್ಯ ಕಚೇರಿಯವರು ಕೇಳಿದರು. ಸ್ಟೇಷನ್ ಮ್ಯಾನೇಜರ್ ನಾನೇ ಆದ್ದರಿಂದ ಟೈಮು ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ದೂರ ಎಷ್ಟು, ಹಾರಲು ಎಷ್ಟು ಹೊತ್ತು ಎಂದು ಹೇಳುವ ವೆಬ್‌ಸೈಟ್‌ಗಳಿವೆ. ಸಿಲುಂಗ್, ರಿಗೋ ಎಂದು ಹಾಕಿದೆ. ಎಪ್ಪತ್ತನಾಲ್ಕು ಕಿಲೋಮೀಟರ್, ಇಪ್ಪತ್ತೈದು ನಿಮಿಷ ಎಂದು ಬಂತು. ನೋಡಿ ನಾನೇ ದಂಗಾದೆ. ಇಷ್ಟು ದಿನ ಪೈಲಟ್‌ಗಳು ಹೊಳೆ ಹಿಡಿದು ಗುಡ್ಡ ಸುತ್ತಿಕೊಂಡು ಬರುತ್ತಿದ್ದರು, ಕುಣಿಗಲ್ ಶಟಲ್ ಬಸ್ಸಿನವನು ಕೈ ತೋರಿಸಿದ ಕಡೆಯೆಲ್ಲ ನಿಲ್ಲಿಸಿಕೊಂಡು ಬಂದ ಹಾಗೆ. ಗುಡ್ಡದ ನಡುವೆ ಒಂದು ಕಂಡಿ ಇದೆ. ಅದರೊಳಗೆ ನುಗ್ಗಿದರೆ ದಾರಿ ನೇರ.

ಹಿರಿಯ ಪೈಲಟ್ ಒಬ್ಬರಿದ್ದರು. "ವೆಬ್‌ಸೈಟ್‌ನವರು ಗುಡ್ಡ ನೋಡಿಲ್ಲ, ದಯಾನಂದ್" ಎಂದರು. ಆಮೇಲೆ ಬೆನ್ನುನೋವು ಎಂದು ಲಾಂಗ್ ಲೀವ್ ಹಾಕಿ ಹೋದರು. ಈಗಿರುವವನು ಚಿಕ್ಕ ವಯಸ್ಸಿನವನು, ಚುರುಕು. ತಡವಾದರೆ ಮುಖ್ಯ ಕಚೇರಿಗೆ ಕಾರಣ ಬರೆದು ಕೊಡಬೇಕು. ಅವನು ಇದುವರೆಗೆ ಒಂದು ದಿನವೂ ಬರೆದು ಕೊಟ್ಟಿಲ್ಲ.

ಅಪ್ಪನ ಕೈಗಡಿಯಾರ ಕಟ್ಟಿಕೊಂಡು ರನ್‌ವೇ ತುದಿಯಲ್ಲಿ ನಿಲ್ಲುತ್ತೇನೆ. ಹೇಳಿದ ನಿಮಿಷಕ್ಕೆ ಕಂಡಿಯಿಂದ ವಿಮಾನ ಹೊರಬಿದ್ದಾಗ, ಚಿಕ್ಕವನಿದ್ದಾಗ ಕುಣಿಗಲ್ ಸ್ಟ್ಯಾಂಡಿನಲ್ಲಿ ಅಪ್ಪನ ಪಕ್ಕ ನಿಂತ ಹಾಗಾಗುತ್ತದೆ. "ಟೈಮ್ ಅಂದ್ರೆ ಟೈಮು ಕಣ್ಲಾ" ಎಂದು ಅವರು ಡ್ರೈವರ್‌ಗಳಿಗೆ ಹೇಳುತ್ತಿದ್ದದ್ದು ನಿಮಗೂ ನೆನಪಿರಬೇಕು.

ಅತ್ತೆಗೆ ನಮಸ್ಕಾರ ತಿಳಿಸಿ.

ನಿಮ್ಮ ಅಳಿಯ,
ದಯಾನಂದ


ಗುಬ್ಬಿ
9 ಸೆಪ್ಟೆಂಬರ್ 2024

ಚಿರಂಜೀವಿ ದಯಾನಂದನಿಗೆ ಆಶೀರ್ವಾದಗಳು.

ಹೆಬ್ಬೂರಿನಾಚೆಯ ಕೆರೆ ಏರಿಗೆ ಹೊಸ ತಡೆಗೋಡೆ ಕಟ್ಟುವ ಕೆಲಸ ಶುರುವಾಗಿದೆ. ಕಲ್ಲು ಇಳಿಸುತ್ತಿದ್ದ ಮೇಸ್ತ್ರಿಯೇ ಈ ವಿಷಯ ಹೇಳಿದ. ಕುಣಿಗಲ್‌ಗೆ ಅಕ್ಕನನ್ನು ನೋಡಲು ಹೋಗುವಾಗ ಬಸ್ಸು ಅಲ್ಲಿ ಸ್ವಲ್ಪ ಹೊತ್ತು ನಿಂತಿತ್ತು. ಆವತ್ತು ಬಸ್ಸು ಹಳೆಯ ಗೋಡೆ ಒಡೆದುಕೊಂಡು ಕೆರೆಗೆ ಬಿದ್ದ ಜಾಗ ಇನ್ನೂ ಕಾಣುತ್ತದೆ.

ನೀನಾಗ ಹೈಸ್ಕೂಲಿನಲ್ಲಿದ್ದೆ. ನಿನಗೆ ಎಷ್ಟು ಗೊತ್ತಿದೆಯೋ ನನಗೆ ತಿಳಿಯದು, ಅದಕ್ಕೆ ಬರೆಯುತ್ತಿದ್ದೇನೆ. ಕುಣಿಗಲ್‌ನಿಂದ ತುಮಕೂರಿಗೆ ಎಕ್ಸ್‌ಪ್ರೆಸ್ ಬಸ್ಸಿಗೆ ಐವತ್ತೈದು ನಿಮಿಷ ಇತ್ತು. ಹೊಸ ಪರ್ಮಿಟ್ ಬಂದಾಗ ಮಾಲೀಕರು ನಲವತ್ತೈದು ಕೇಳಿದರು. ಯಾರೋ ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಜೀಪಿನಲ್ಲಿ ಹೋಗಿ ನಲವತ್ತಕ್ಕೇ ತಲುಪಿದ್ದರು. ಟೈಮ್ ಕೀಪರ್ ಒಪ್ಪಿದರು. ಹೊತ್ತಾದರೆ ಹಿಂದಿನ ಬಸ್ಸು ಜನ ತುಂಬಿಕೊಂಡು ಹೋಗುತ್ತದೆ, ಆದ್ದರಿಂದ ಡ್ರೈವರೂ ಒಪ್ಪಿದ. ಮೂರು ವಾರ ಚೆನ್ನಾಗಿಯೇ ನಡೆಯಿತು. ಜನ ಹೊಗಳಿದರು. ನಾಲ್ಕನೇ ವಾರ ಆ ಏರಿಯ ಮೇಲೆ ಎದುರಿಗೆ ಹುಲ್ಲಿನ ಗಾಡಿ ಬಂತು.

ಅತಿವೇಗವೇ ಕಾರಣ ಎಂದು ಎಲ್ಲ ಪತ್ರಿಕೆಗಳಲ್ಲೂ ಬಂತು. ಡ್ರೈವರ್ ಹೆಸರು ಬಂತು. ಟೈಮಿನ ವಿಷಯ ಯಾವುದರಲ್ಲೂ ಬರಲಿಲ್ಲ.

ದಯಾ, ಆ ಹಿರಿಯ ಪೈಲಟ್ಟಿಗೆ ನಿಜವಾಗಿ ಬೆನ್ನುನೋವಿತ್ತೇ? ನೀನು ಆ ಕಂಡಿಯೊಳಗೆ ಒಮ್ಮೆಯಾದರೂ ಕೂತು ಬಂದಿದ್ದೀಯಾ? ಮೋಡ ಇದ್ದ ದಿನ ಒಳಗೆ ಹೋದ ಮೇಲೆ ತಿರುಗಿಸಿಕೊಳ್ಳಲು ಜಾಗ ಇದೆಯೇ? ಇಷ್ಟಕ್ಕೆ ಉತ್ತರ ಬರೆ. ಅಲ್ಲಿಯವರೆಗೆ ಶಾಂತಲಾಳನ್ನೂ ಮಗುವನ್ನೂ ದಸರಾ ರಜಕ್ಕೆ ಅಲ್ಲಿಗೆ ಕರೆಸಿಕೊಳ್ಳುವ ಮಾತು ಬೇಡ.

ಕೆಂಪಯ್ಯ


ರಿಗೋ
18 ಸೆಪ್ಟೆಂಬರ್ 2024

ಮಾವನವರಿಗೆ ನಮಸ್ಕಾರ.

ನಿಮ್ಮ ಪತ್ರ ಇವತ್ತಿನ ವಿಮಾನದಲ್ಲಿ ಬಂತು. ಬಂದದ್ದು ಸರಿಯಾದ ಹೊತ್ತಿಗೆ.

ಟೈಮ್ ಕೀಪರ್ ಎಂದು ಮಾತ್ರ ಬರೆದಿದ್ದೀರಿ. ದೊಡ್ಡರಂಗಯ್ಯ ಎಂದೇ ಬರೆಯಬಹುದಿತ್ತು. ನಿಮ್ಮ ಸ್ವಂತ ಭಾವ. ನಿಮ್ಮ ಅಕ್ಕನ ಗಂಡ. ಆ ಬಸ್ಸಿನ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅದಾದ ಮೇಲೆ ಅಪ್ಪ ಸ್ಟ್ಯಾಂಡಿನ ಕಡೆ ಮುಖ ಹಾಕಲಿಲ್ಲ, ಜಗಲಿಯ ಮೇಲೆ ಕೂತು ರಸ್ತೆ ನೋಡುತ್ತಲೇ ಹೋದರು. ತಪ್ಪು ಅವರದು ಎಂದು ಅವರು ಬದುಕಿದ್ದಾಗ ನೀವು ಹೇಳಲಿಲ್ಲ. ಸತ್ತು ಹನ್ನೊಂದು ವರ್ಷದ ಮೇಲೆ ನನ್ನ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡಿದ್ದೀರಿ.

ಆಕಾಶದಲ್ಲಿ ಹುಲ್ಲಿನ ಗಾಡಿ ಬರುವುದಿಲ್ಲ, ಮಾವ.

ಕೇಳಿದ್ದಕ್ಕೆ ಉತ್ತರ: ಹೊಸ ಟೈಮು ಬಂದ ಮೇಲೆ ನಾನು ಇಲ್ಲಿಂದ ಇಳಿದೇ ಇಲ್ಲ, ಆದ್ದರಿಂದ ಕಂಡಿಯಲ್ಲಿ ಕೂತು ಬಂದಿಲ್ಲ. ಅದು ಪೈಲಟ್ ಕೆಲಸ. ಈ ರನ್‌ವೇ ಸೇನೆಯದು, ಮೋಡದ ಲೆಕ್ಕ ಹೇಳುವುದು ಸೇನೆಯವರು, ನಾನಲ್ಲ. ಜುಲೈನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ ಮೇಲೆ ಈ ಊರಿನ ಗರ್ಭಿಣಿಯರು, ಕಾಯಿಲೆಯವರು ಎಲ್ಲ ಈ ವಿಮಾನದಲ್ಲೇ ಇಳಿಯುತ್ತಿದ್ದಾರೆ. ಎರಡು ಟ್ರಿಪ್ ಆಗಿದ್ದಕ್ಕೆ ಅವರು ನನ್ನ ಕೈ ಹಿಡಿದುಕೊಳ್ಳುತ್ತಾರೆ. ಅದನ್ನೂ ನೀವು ಸುದ್ದಿ ಮಾಡಬಹುದು.

ಶಾಂತಲಾಗೂ ತನುಶ್ರೀಗೂ ಅಕ್ಟೋಬರ್ ಹನ್ನೆರಡು, ಶನಿವಾರದ ಟಿಕೆಟ್ ಇವತ್ತೇ ಮಾಡಿಸಿದೆ. ಆಗಲಿ ನೋಡೋಣ ಎಂದಿದ್ದವನು, ನಿಮ್ಮ ಪತ್ರ ಓದಿದ ಮೇಲೆ ಮಾಡಿಸಿದೆ. ನನ್ನ ಹೆಂಡತಿ ಮಗಳನ್ನೇ ಕೂರಿಸುತ್ತಿದ್ದೇನೆ ಎಂದರೆ ನಿಮಗೆ ಬೇರೆ ಉತ್ತರ ಬೇಕಾಗಲಾರದು.

ದಯಾನಂದ


ರಿಗೋ
27 ಸೆಪ್ಟೆಂಬರ್ 2024

ಮಾವನವರಿಗೆ ನಮಸ್ಕಾರಗಳು.

ನಿಮ್ಮಿಂದ ಪತ್ರ ಇಲ್ಲ. ಹಿಂದಿನ ಪತ್ರವನ್ನು ಬಿಸಿಯಲ್ಲಿ ಬರೆದೆ. ಅಮ್ಮನಿಗೆ ಓದಿ ಹೇಳಿಲ್ಲ ಎಂದುಕೊಂಡಿದ್ದೇನೆ. ದೊಡ್ಡವರು ಮನಸ್ಸಿಗೆ ಹಾಕಿಕೊಳ್ಳಬೇಡಿ.

ಇಲ್ಲಿ ಎಲ್ಲ ಸರಿಯಾಗಿದೆ. ಆರು ವಾರವಾಯಿತು, ಒಂದು ದಿನವೂ ತಡವಿಲ್ಲ. ಬುಧವಾರ ಇಪ್ಪತ್ತನಾಲ್ಕು ನಿಮಿಷಕ್ಕೇ ಬಂದಿಳಿಯಿತು. ಮುಖ್ಯ ಕಚೇರಿಯಿಂದ ನನ್ನ ಹೆಸರಿಗೆ ಶಾಭಾಷ್ ಬಂದಿದೆ. ಇದೇ ಲೆಕ್ಕದಲ್ಲಿ ಇನ್ನೂ ಎರಡು ಊರಿಗೆ ಟೈಮು ಹಾಕಿಕೊಡಿ ಎಂದಿದ್ದಾರೆ.

ಒಂದು ತಮಾಷೆ. ಬುಧವಾರವೇ ವಿಮಾನ ನಿಂತ ಮೇಲೆ ಮೆಕ್ಯಾನಿಕ್ ನನ್ನನ್ನು ಕೂಗಿ ಕರೆದ. ಚಕ್ರದ ಸಂದಿಯಲ್ಲಿ ಒಂದು ಸಣ್ಣ ಹಸಿ ಕೊಂಬೆ ಸಿಕ್ಕಿಕೊಂಡಿತ್ತು. ಸೂಜಿ ಸೂಜಿಯಂಥ ಎಲೆ, ಮುರಿದ ಕಡೆ ಇನ್ನೂ ಅಂಟು ಅಂಟು. "ಕಣ್ಣು ತಾಕಬಾರದು ಅಂತ ನೀವೇ ಕಟ್ಟಿದ್ದಾ ಸಾರ್?" ಎಂದು ನಕ್ಕ. ನಾನೂ ನಕ್ಕೆ. ಆಯುಧಪೂಜೆಗೆ ನಮ್ಮ ಬಸ್ಸುಗಳಿಗೆ ಮಾವಿನ ಸೊಪ್ಪು ಕಟ್ಟುತ್ತಿರಲಿಲ್ಲವೇ, ಹಾಗೆ ಕಾಣುತ್ತಿತ್ತು. ಸಿಲುಂಗ್‌ನಲ್ಲಿ ಯಾರೋ ಹುಡುಗರು ಸಿಕ್ಕಿಸಿರಬೇಕು. ನಮ್ಮ ರನ್‌ವೇ ಪಕ್ಕ ಬರೀ ಹುಲ್ಲು, ಸಿಲುಂಗ್‌ನಲ್ಲಿ ಬಿದಿರು. ಎಲ್ಲಿಂದ ತಂದರೋ.

ತನುಶ್ರೀಗೆ ತೋರಿಸಿ ಎಂದು ಅದರ ಒಂದು ತುಂಡನ್ನು ಕವರಿನಲ್ಲಿಟ್ಟಿದ್ದೇನೆ. ಅವಳ ಪುಸ್ತಕದೊಳಗೆ ಇಟ್ಟುಕೊಳ್ಳಲಿ.

ನಿಮ್ಮ ಅಳಿಯ,
ದಯಾನಂದ


ಗುಬ್ಬಿ
9 ಅಕ್ಟೋಬರ್ 2024

ಚಿರಂಜೀವಿ ದಯಾನಂದನಿಗೆ.

ಶಾಂತಲಾ ಮತ್ತು ತನುಶ್ರೀ ಹತ್ತಿದ ರೈಲು ಒಡಿಶಾ ದಾಟಿದೆ. ಇದನ್ನು ತಿಳಿಸಿದ್ದು ಶಾಂತಲಾ, ಇಂದು ಬೆಳಿಗ್ಗೆ ಫೋನಿನಲ್ಲಿ. ನಿನ್ನ ಇಪ್ಪತ್ತೇಳನೇ ತಾರೀಖಿನ ಪತ್ರ ನನ್ನ ಕೈಗೆ ಬಂದದ್ದು ನಿನ್ನೆ, ಅವರು ಮನೆ ಬಿಟ್ಟ ಮಾರನೆಯ ದಿನ.

ಕೊಂಬೆಯನ್ನು ಮೇಜಿನ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಪೈನ್ ಮರದ್ದು. ಅದನ್ನು ಯಾರೂ ಸಿಕ್ಕಿಸಲಿಲ್ಲ, ದಯಾ. ನಿನ್ನ ರನ್‌ವೇ ಪಕ್ಕ ಇಲ್ಲದ, ಸಿಲುಂಗ್‌ನಲ್ಲೂ ಇಲ್ಲದ ಮರ ಗುಡ್ಡದ ಮೇಲೆ ಇರುತ್ತದೆ. ಮರ ವಿಮಾನದ ಹತ್ತಿರ ಬರಲಿಲ್ಲ. ಇಪ್ಪತ್ತನಾಲ್ಕು ನಿಮಿಷಕ್ಕೆ ಬಂದ ದಿನವೇ ಅದು ಸಿಕ್ಕಿತು ಎಂದು ನೀನೇ ಬರೆದಿದ್ದೀಯ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದೂ ನಿನಗೆ ಕಾಣಲಿಲ್ಲ.

ನಿನ್ನೆಯೇ ನಿನಗೆ ಫೋನ್ ಮಾಡಿಸಿದೆ, ಹೋಗಲಿಲ್ಲ. ಶಾಂತಲಾಗೆ ಮಾಡಿಸಿದೆ. ನಿನ್ನ ಅತ್ತೆ ಪುಟ್ಟತಾಯಮ್ಮ ಫೋನ್ ಹಿಡಿದು, ಅವಳು ಹೇಳಿದ್ದನ್ನು ನನ್ನ ಎಡಗಿವಿಗೆ ಕೂಗಿ, ನಾನು ಹೇಳಿದ್ದನ್ನು ಅವಳಿಗೆ ಕೂಗಿ, ಬೀದಿಗೆಲ್ಲ ಕೇಳಿಸಿತು.

"ನಿಮ್ಮಪ್ಪ ಇಮಾನ ಹತ್ಬ್ಯಾಡ ಅಂತವ್ರೆ ಕಣೇ, ಚಕ್ರದಾಗೆ ಸೊಪ್ಪು ಸಿಕ್ಕಿತ್ತಂತೆ" ಎಂದಳು.

ಶಾಂತಲಾ ನಕ್ಕಳಂತೆ. ಆಮೇಲೆ ಅವಳಿಗೆ ಸಿಟ್ಟು ಬಂತು. "ಅಮ್ಮಾ, ಅಪ್ಪಂಗೂ ಅವ್ರಿಗೂ ಒಂದು ತಿಂಗಳಿಂದ ಜಗಳ. ನಂಗೆ ಗೊತ್ತಿಲ್ಲ ಅಂದ್ಕೊಂಡಿದೀರಾ? ಸತ್ತೋದ ಮಾವನ್ನ ಇಟ್ಕೊಂಡು ಇಬ್ರೂ ಕಿತ್ತಾಡ್ತಾರೆ. ಮೊದ್ಲು ಟೈಮು, ಆಮೇಲೆ ಬಸ್ಸು, ಈಗ ಸೊಪ್ಪು. ನಾಳೆ ಕಾಗೆ ಕೂತಿತ್ತು ಅಂತಾರೆ. ಏಳು ತಿಂಗ್ಳಾಯ್ತು ಮಗು ಅಪ್ಪನ ಮುಖ ನೋಡಿ. ನಾನು ಹೋಗ್ತೀನಿ, ಇಡು."

ಅವಳದು ತಪ್ಪಿಲ್ಲ. ಬಸ್ಸಿನ ವಿಷಯ ನಾನು ಬರೆಯದಿದ್ದರೆ ಸೊಪ್ಪಿನ ವಿಷಯ ನಂಬುತ್ತಿದ್ದಳು. ಇಂದು ಬೆಳಿಗ್ಗೆ ಮತ್ತೆ ಮಾಡಿಸಿದಾಗ ರೈಲು ಎಲ್ಲಿದೆ ಎಂಬುದನ್ನು ಮಾತ್ರ ಹೇಳಿದಳು.

ತುಮಕೂರಿನ ನಮ್ಮ ಪತ್ರಿಕೆಯ ಆಫೀಸಿಗೆ ಹೋಗಿ ಅಲ್ಲಿಂದ ನಿಮ್ಮ ಕಂಪನಿಯ ನಂಬರಿಗೆ ಮಾಡಿಸಿದೆ. ಸಬ್ ಎಡಿಟರ್ ಚನ್ನವೀರಯ್ಯನೇ ಇಂಗ್ಲಿಷಿನಲ್ಲಿ ಮಾತಾಡಿದ. ದೂರು ದಾಖಲಾಗಿದೆ, ಏಳು ಕೆಲಸದ ದಿನಗಳಲ್ಲಿ ಉತ್ತರ ಬರುತ್ತದೆ ಎಂದರು. ಹಬ್ಬದ ರಜೆ ಎಣಿಸಿದರೆ ಅದು ಇಪ್ಪತ್ತನೇ ತಾರೀಖು ದಾಟುತ್ತದೆ. "ಏನಾದ್ರೂ ಆಗಿದ್ರೆ ಸುದ್ದಿ ಕೆಂಪಯ್ಯ, ಆಗ್ದೆ ಇರೋದನ್ನ ಹೆಂಗ್ ಹಾಕ್ಲಿ?" ಎಂದು ಚನ್ನವೀರಯ್ಯ ಕೇಳಿದ. ಅವನ ಮಾತೂ ಸರಿಯೇ.

ಈ ಪತ್ರ ಶನಿವಾರದೊಳಗೆ ನಿನಗೆ ಸೇರುವುದಿಲ್ಲ ಎಂಬುದು ಗೊತ್ತಿದೆ. ಸೇರಿದರೂ ಅದೇ ವಿಮಾನದಲ್ಲಿ ಸೇರಬೇಕು.

ಕೆಂಪಯ್ಯ


ರಿಗೋ
11 ಅಕ್ಟೋಬರ್ 2024, ಶುಕ್ರವಾರ ಸಂಜೆ

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಾನು ಕಂಡಿಯೊಳಗೆ ಕೂತು ಬಂದೆ.

ಸೋಮವಾರ ಕಂಪನಿ ಕೆಲಸದ ಮೇಲೆ ಸಿಲುಂಗ್‌ಗೆ ಇಳಿದಿದ್ದೆ. ಇಳಿಯುವಾಗ ಆಕಾಶ ತಿಳಿಯಾಗಿತ್ತು, ಹಿಂದಿನ ಸೀಟಿನಲ್ಲಿ ಕೂತು ನಿದ್ದೆ ಮಾಡಿದೆ. ಬುಧವಾರ ವಾಪಸ್ ಬರುವಾಗ ವಿಮಾನ ತುಂಬಿತ್ತು, ಪೈಲಟ್ ಬೆನ್ನಿಗೇ ಇರುವ ಸೀಟು ಸಿಕ್ಕಿತು. ನನ್ನ ಫೋನು ರಿಗೋದಲ್ಲೇ ಉಳಿದಿತ್ತು, ಹತ್ತುವ ಮೊದಲು ಕೌಂಟರಿನ ಫೋನಿನಿಂದ ಶಾಂತಲಾಗೆ ಮಾಡಿದ್ದೆ. ಅಪ್ಪ ಈಗ ಸೊಪ್ಪು ಹಿಡಿದುಕೊಂಡಿದ್ದಾರೆ ಎಂದು ನಕ್ಕಳು. "ಬುಡೇ ಅತ್ಲಾಗೆ, ಮುದುಕರ ಮಾತು" ಎಂದು ನಾನೂ ನಕ್ಕೆ. ಅದು ಬೆಳಿಗ್ಗೆ ಒಂಬತ್ತಕ್ಕೆ. ಒಂಬತ್ತೂವರೆ ಹೊತ್ತಿಗೆ ನಗು ಇರಲಿಲ್ಲ.

ಕಂಡಿಯ ಬಾಯಲ್ಲಿ ಮೋಡ ಇತ್ತು. ಸುತ್ತಿ ಹೋಗುತ್ತಾನೆ ಎಂದುಕೊಂಡೆ. ಅವನು ಕೈಗಡಿಯಾರ ನೋಡಿದ. ಹೊರಗೆ ನೋಡಲಿಲ್ಲ ಮಾವ, ಗಡಿಯಾರ ನೋಡಿದ. ನೋಡಿ ಒಳಗೆ ತೆಗೆದುಕೊಂಡು ಹೋದ. ಸ್ವಲ್ಪ ಹೊತ್ತು ಬರೀ ಬಿಳಿ. ಬಿಳಿ ಹರಿದಾಗ ಎರಡೂ ಕಿಟಕಿಯಲ್ಲಿ ಮರಗಳಿದ್ದವು. ಕೆಳಗೆ ಅಲ್ಲ. ನನ್ನ ಕಣ್ಣಿನ ಮಟ್ಟಕ್ಕೆ. ಸೂಜಿಯಂಥ ಎಲೆ. ಕೆಲವು ಮರಗಳ ತುದಿ ಮುರಿದಿತ್ತು.

ಇಳಿದ ಮೇಲೆ ಅವನನ್ನು ತಡೆದು ಕೇಳಿದೆ, ಮೋಡ ಇದ್ದ ದಿನ ಹೊಳೆಯ ದಾರಿಯಲ್ಲಿ ಬರಬಾರದೇ ಎಂದು. "ಟೈಮು ಹಾಕಿದವರು ನೀವು ಸಾರ್. ನಾನು ಹಾರಿಸುವವನು" ಎಂದ. ಕೋಪದಲ್ಲಿ ಹೇಳಲಿಲ್ಲ. ನನಗೆ ಗೊತ್ತಿಲ್ಲವೇನೋ ಎಂದು ತಿಳಿಸಿ ಹೇಳುವ ಹಾಗೆ ಹೇಳಿದ.

ಗುರುವಾರ ರೇಡಿಯೋದಲ್ಲಿ ಮುಖ್ಯ ಕಚೇರಿಯನ್ನು ಕೇಳಿದೆ. ಟೈಮ್ ಟೇಬಲ್ ಬದಲಾಗುವುದು ತಿಂಗಳ ಕೊನೆಯಲ್ಲಿ, ಬರೆದು ಕಳಿಸಿ ಎಂದರು. ಕಾರಣ ಏನು ಎಂದು ಕೇಳಿದರು. ಮೋಡ ಎಂದೆ. ಮೋಡದ ವರದಿ ಸೇನೆಯವರು ಕೊಡುತ್ತಾರಲ್ಲ ಎಂದರು.

ಇವತ್ತು ಮಧ್ಯಾಹ್ನ ಶಾಂತಲಾ, ಮಗು ಸಿಲುಂಗ್ ತಲುಪಿದ್ದಾರೆ. ಟವರ್ ಬುಧವಾರದಿಂದ ಸತ್ತಿದೆ. ಸಿಲುಂಗ್ ಕೌಂಟರಿನಲ್ಲಿ ಅಪೇಕ್ಷಾ ಎಂಬ ಹುಡುಗಿ ಇದ್ದಾಳೆ, ಮೈಸೂರಿನ ಕಡೆಯವಳು. ಅವಳಿಗೆ ರೇಡಿಯೋದಲ್ಲಿ ಹೇಳಿದೆ: ಇಲ್ಲಿ ಮಳೆ ಇದೆ, ನನ್ನ ಮನೆಯವರಿಗೆ ಸೋಮವಾರ ಬರಲು ಹೇಳು. ಅಷ್ಟೇ ಹೇಳಿದೆ. ರೇಡಿಯೋವನ್ನು ಎಲ್ಲ ಸ್ಟೇಷನ್ನಿನವರೂ ಕೇಳುತ್ತಾರೆ, ಮುಖ್ಯ ಕಚೇರಿಯವರೂ ಕೇಳುತ್ತಾರೆ. ನನ್ನವರನ್ನು ಮಾತ್ರ ಯಾಕೆ ಇಳಿಸಿದೆ, ಉಳಿದ ಹದಿನೈದು ಜನ ಯಾರ ಮನೆಯವರು ಎಂದು ಯಾರಾದರೂ ಕೇಳುವ ಮೊದಲೇ ಮೈಕು ಕೆಳಗಿಟ್ಟೆ.

ಸಂಜೆ ಅಪೇಕ್ಷಾ ಶಾಂತಲಾಳ ಮಾತನ್ನು ತಿರುಗಿ ಹೇಳಿದಳು. "ಇಲ್ಲಿ ಬಿಸಿಲು ಹೊಡೀತಾ ಇದೆ. ಮೋಡದ ವರದಿ ಕೊಡೋ ಸೇನೆಯವ್ರನ್ನೂ ಕೇಳ್ದೆ, ಅಲ್ಲೂ ಮಳೆ ಇಲ್ವಂತೆ. ನಾಳೆನೇ ಬರ್ತೀವಿ, ತಿಂಡಿ ಮಾಡಿಟ್ಟಿರಿ ಅಂತ ಹೇಳಿ." ಮಗು ಹಿಂದಿನಿಂದ ಏನೋ ಕೂಗಿತಂತೆ. ಅದನ್ನು ಅವಳು ಹೇಳುವಷ್ಟರಲ್ಲಿ ರೇಡಿಯೋ ಹೊತ್ತು ಮುಗಿದು ಆಫ್ ಆಯಿತು.

ಇವತ್ತು ಆಯುಧಪೂಜೆ. ರೇಡಿಯೋಗೆ, ತೂಕದ ಯಂತ್ರಕ್ಕೆ, ಅಪ್ಪನ ಗಡಿಯಾರಕ್ಕೆ ಕುಂಕುಮ ಇಟ್ಟೆ. ಕುಣಿಗಲ್ ಸ್ಟ್ಯಾಂಡಿನಲ್ಲಿ ಅಪ್ಪ ಗೋಡೆ ಗಡಿಯಾರವನ್ನು ಇಳಿಸಿ ಒರೆಸಿ ಹೂ ಹಾಕುತ್ತಿದ್ದರು. ಆ ಬಸ್ಸಿನ ವರ್ಷ ಮನೆಯಲ್ಲಿ ಈ ಕೈಗಡಿಯಾರಕ್ಕೂ ಹಾಕಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಅದುನ್ನ ಮುಟ್ಬ್ಯಾಡ ಕಣ್ಲಾ" ಎಂದಿದ್ದರು. ಜಗಲಿಯ ಮೇಲೆ ಕೂತು ಅವರು ಏನು ನೋಡುತ್ತಿದ್ದರು ಎಂಬುದು ನನಗೆ ಗೊತ್ತಿಲ್ಲ ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದೆ.

ಇಲ್ಲಿಯ ಕಪ್ಪು ಹಲಗೆಯ ಮೇಲೆ ನಾಳೆಯ ವಿಮಾನ ತಲುಪುವ ಹೊತ್ತು 9.35 ಎಂದಿತ್ತು. ಅಳಿಸಿ 9.55 ಎಂದು ಬರೆದಿದ್ದೇನೆ. ಪೈಲಟ್ ಕೈಯಲ್ಲಿರುವ ಹಾಳೆಯಲ್ಲಿ 9.35 ಎಂದೇ ಇದೆ. ಸೇನೆಯವರ ಪ್ರಕಾರ ಬೆಳಿಗ್ಗೆ ಕಂಡಿಯ ಬಾಯಲ್ಲಿ ಮೋಡ ಇರುತ್ತದೆ, ನಿಲ್ದಾಣಗಳ ಮೇಲೆ ಇರುವುದಿಲ್ಲ. ವಿಮಾನ ಬಿಡಲು ಅಡ್ಡಿಯಿಲ್ಲ ಎಂದು ಬರೆದು ಕೊಟ್ಟಿದ್ದಾರೆ.

ಮಳೆ ಎಂದು ಇನ್ನೊಮ್ಮೆ ಹೇಳಿದರೆ ಶಾಂತಲಾ ನಂಬುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ, ಎಲ್ಲ ಸ್ಟೇಷನ್ನಿಗೂ ಕೇಳುವಂತೆ ಹೇಳಬೇಕು. ಟೈಮು ಹಾಕಿದವನು ನಾನು, ಆ ಟೈಮಿಗೆ ಬರುವ ದಾರಿ ಇಲ್ಲ, ಒಬ್ಬರನ್ನೂ ಹತ್ತಿಸಬೇಡಿ ಎಂದು. ಬಾಯಲ್ಲಿ ಹೇಳಿ ನೋಡಿಕೊಂಡೆ. ಅಷ್ಟಕ್ಕೆ ಅರ್ಧ ನಿಮಿಷವೂ ಬೇಡ.

ಈ ಪತ್ರವನ್ನು ನಾಳೆಯ ವಿಮಾನ ವಾಪಸ್ ಹೋಗುವಾಗ ಕೊಟ್ಟು ಕಳಿಸುತ್ತೇನೆ.

ರೇಡಿಯೋ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ. ವಿಮಾನ ಒಂಬತ್ತು ಹತ್ತಕ್ಕೆ ಹೊರಡುತ್ತದೆ.

ದಯಾನಂದ